ಸ್ಟ್ರಾಬೆರಿ ಸೀಸನ್: ಆರೋಗ್ಯ ಇರುವುದು ಡಬ್ಬಿಯ ಹಣ್ಣಿನಲ್ಲಿ, ಗ್ಲಾಸಿನ ಬಣ್ಣದಲ್ಲಿ ಅಲ್ಲ

ಉಡುಪಿ: ಡಿಸೆಂಬರ್ ಬಂತೆಂದರೆ ಉಡುಪಿ ಪೇಟೆಯ ಹಣ್ಣಿನಂಗಡಿ, ಮಣಿಪಾಲದ ಸೂಪರ್ ಮಾರ್ಕೆಟ್, ಕಾಪು ಮತ್ತು ಕಾರ್ಕಳದ ಬಸ್‌ಸ್ಟ್ಯಾಂಡ್ ಬದಿಯ ಅಂಗಡಿಗಳಲ್ಲಿ ಕೆಂಪು ಹಣ್ಣು ತುಂಬಿದ ಸಣ್ಣ ಪ್ಲಾಸ್ಟಿಕ್ ಡಬ್ಬಿಗಳು ಕಾಣಿಸಿಕೊಳ್ಳುತ್ತವೆ. ಮಾರ್ಚ್‌ವರೆಗೂ ಇದರದ್ದೇ ಕಾರುಬಾರು. ಅದೇ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲೂ ಸ್ಟ್ರಾಬೆರಿ ಸೀಸನ್ ಶುರುವಾಗುತ್ತದೆ. ಹೃದಯಕ್ಕೆ ಒಳ್ಳೆಯದಂತೆ, ಶುಗರ್ ಇಳಿಸುತ್ತದಂತೆ, ನೆನಪಿನ ಶಕ್ತಿ ಹೆಚ್ಚಿಸುತ್ತದಂತೆ, ಕ್ಯಾನ್ಸರ್ ಬರುವುದೇ ಇಲ್ಲವಂತೆ. ಹೀಗೆ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ.

ಇದರಲ್ಲಿ ಎಷ್ಟು ನಿಜ, ಎಷ್ಟು ಗಾಳಿಮಾತು? ಒಂದು ಡಬ್ಬಿಗೆ ಕೊಡುವ ದುಡ್ಡಿಗೆ ಮನೆಯವರಿಗೆ ಸಿಗುವುದೇನು? ಅಂಗಡಿಯವರು ಇದನ್ನು ನಷ್ಟವಿಲ್ಲದೆ ಮಾರುವುದು ಹೇಗೆ? ಇದು ಬರೀ ಹಣ್ಣಿನ ಮಾತಲ್ಲ. ಶುಗರ್ ಇರುವವರು, ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು, ಗುಲಾಬಿ ಬಣ್ಣ ಕಂಡ ಕೂಡಲೇ ಕೈ ಚಾಚುವ ಮಕ್ಕಳು ಇಲ್ಲದ ಮನೆ ಅಪರೂಪ. ಚುಟುಕಾಗಿ ಹೇಳುವುದಾದರೆ, ಸ್ಟ್ರಾಬೆರಿ ಒಳ್ಳೆಯ ಹಣ್ಣು. ಆದರೆ ಒಳ್ಳೆಯದಿರುವುದು ಹಣ್ಣಿನಲ್ಲಿ, ಅದರ ಹೆಸರಿನಲ್ಲಿ ಬರುವ ಸಿರಪ್, ಜಾಮ್, ಮಿಲ್ಕ್‌ಶೇಕ್‌ನಲ್ಲಿ ಅಲ್ಲ. ಹಣ್ಣಿನಲ್ಲಿರುವ ಬಹುಪಾಲು ಗುಣ ನಮ್ಮ ಹಿತ್ತಿಲಲ್ಲೂ ಉಂಟು.

ಮೊದಲು ಬಂದದ್ದು ಬಣ್ಣ, ಆಮೇಲೆ ಹಣ್ಣು

ಈ ಭಾಗದ ಬಹಳಷ್ಟು ಜನರಿಗೆ ಸ್ಟ್ರಾಬೆರಿ ಪರಿಚಯವಾದದ್ದು ಹಣ್ಣಾಗಿ ಅಲ್ಲ, ಐಸ್‌ಕ್ರೀಂ ಆಗಿ. ಗಡ್‌ಬಡ್ ಗ್ಲಾಸಿನಲ್ಲಿ ಪದರವಾಗಿ ಕೂರುವ ಗುಲಾಬಿ ಐಸ್‌ಕ್ರೀಂ, ಬ್ರೆಡ್ಡಿಗೆ ಹಚ್ಚುವ ಜಾಮ್, ಹುಟ್ಟುಹಬ್ಬದ ಕೇಕು, ಮಕ್ಕಳ ಬಿಸ್ಕತ್ತು. ಹಣ್ಣು ಕಣ್ಣಿಗೆ ಬೀಳುವ ಮೊದಲೇ ಅದರ ‘ಫ್ಲೇವರ್’ ನಾಲಿಗೆಗೆ ರೂಢಿಯಾಗಿತ್ತು. ಅದಕ್ಕೇ ಇವತ್ತಿಗೂ ಡಬ್ಬಿಯ ಹಣ್ಣು ಬಾಯಿಗೆ ಹಾಕಿ, ‘ಇದೇನು ಇಷ್ಟು ಹುಳಿ?’ ಎಂದು ಮುಖ ಕಿವುಚುವವರು ಇದ್ದಾರೆ. ಅವರು ರುಚಿ ನೋಡಿ ಅಭ್ಯಾಸವಾಗಿದ್ದದ್ದು ಸಕ್ಕರೆ ಮತ್ತು ಎಸೆನ್ಸ್.

ಇಲ್ಲಿಗೆ ಬರುವ ತಾಜಾ ಹಣ್ಣಿಗೆ ದೊಡ್ಡ ಮೂಲ ಮಹಾರಾಷ್ಟ್ರದ ಸತಾರಾ ಜಿಲ್ಲೆ. ಕೃಷ್ಣಾ ನದಿ ಹುಟ್ಟುವ ಮಹಾಬಲೇಶ್ವರ ಮತ್ತು ಪಕ್ಕದ ಪಂಚಗನಿಯ ಗುಡ್ಡಗಳಲ್ಲೇ ದೇಶದ ಸ್ಟ್ರಾಬೆರಿಯ ಬಹುಪಾಲು ಬೆಳೆಯುತ್ತದೆ. ಮಹಾಬಲೇಶ್ವರದ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಕಾಪು ತಾಲೂಕಿನ ಮಟ್ಟುಗುಳ್ಳಕ್ಕೆ, ಶಂಕರಪುರದ ಕಡೆ ಬೆಳೆಯುವ ಉಡುಪಿ ಮಲ್ಲಿಗೆಗೆ ಇರುವ ಮಾನ್ಯತೆಯೂ ಇದೇ.

ಮಹಾಬಲೇಶ್ವರದಿಂದ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಅಂಕೋಲಾ ದಾರಿಯಾಗಿ ಉಡುಪಿಗೆ 600 ಕಿ.ಮೀ.ಗಿಂತ ಹೆಚ್ಚು. ಬೆಂಗಳೂರಿನ ಸಗಟು ಮಾರುಕಟ್ಟೆ ಸುತ್ತಿ ಬಂದರೆ ದಾರಿ ಇನ್ನೂ ಉದ್ದ. ಸಿಪ್ಪೆಯೇ ಇಲ್ಲದ, ಶೇ. 91ರಷ್ಟು ನೀರೇ ಆಗಿರುವ ಈ ಮೆತ್ತನೆಯ ಹಣ್ಣಿಗೆ ಅಷ್ಟು ದೂರದ ಪ್ರಯಾಣ ಸಣ್ಣ ಸಂಗತಿಯಲ್ಲ. ಡಬ್ಬಿಯ ಬೆಲೆಯಲ್ಲಿ ಹಣ್ಣಿನ ಜೊತೆ ಐಸು, ಡೀಸೆಲ್ ಮತ್ತು ದಾರಿಯಲ್ಲಿ ಕೊಳೆತು ಹೋದ ಹಣ್ಣಿನ ನಷ್ಟವೂ ಸೇರಿರುತ್ತದೆ.

100 ಗ್ರಾಂ ಹಣ್ಣಿನಲ್ಲಿ ಏನುಂಟು?

ಮಧ್ಯಮ ಗಾತ್ರದ ಎಂಟೊಂಬತ್ತು ಸ್ಟ್ರಾಬೆರಿ ಸೇರಿದರೆ ಸುಮಾರು 100 ಗ್ರಾಂ. ಅದರಲ್ಲಿ ಸಿಗುವ ಶಕ್ತಿ 32 ಕ್ಯಾಲೊರಿ. ಸಕ್ಕರೆ ಅಂಶ 5 ಗ್ರಾಂನ ಆಸುಪಾಸು, ನಾರು 2 ಗ್ರಾಂ, ವಿಟಮಿನ್ ಸಿ ಸುಮಾರು 59 ಮಿಲಿಗ್ರಾಂ, ಫೋಲೇಟ್ 24 ಮೈಕ್ರೋಗ್ರಾಂ. ಮ್ಯಾಂಗನೀಸ್ ಎಂಬ ಖನಿಜವೂ ತಕ್ಕಮಟ್ಟಿಗೆ ಉಂಟು.

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಮತ್ತು ಐಸಿಎಂಆರ್ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ದಿನಕ್ಕೆ ಗಂಡಸರಿಗೆ 80 ಮಿ.ಗ್ರಾಂ, ಹೆಂಗಸರಿಗೆ 65 ಮಿ.ಗ್ರಾಂ ವಿಟಮಿನ್ ಸಿ ಬೇಕು. ಅಂದರೆ ಎಂಟೊಂಬತ್ತು ಹಣ್ಣು ತಿಂದರೆ ಒಬ್ಬ ಹೆಂಗಸಿಗೆ ಆ ದಿನಕ್ಕೆ ಬೇಕಾದ ವಿಟಮಿನ್ ಸಿಯ ಶೇ. 90ರಷ್ಟು ಬಂದಾಯಿತು. ಗಂಡಸರಿಗೆ ಮುಕ್ಕಾಲು ಪಾಲು. ಹಾಗಾಗಿ 200 ಗ್ರಾಂ ಡಬ್ಬಿಯನ್ನು ಒಬ್ಬರೇ ಮುಗಿಸಬೇಕಾದ ಅಗತ್ಯವೇನೂ ಇಲ್ಲ, ಇಬ್ಬರಿಗೆ ಧಾರಾಳ ಸಾಕು. ಹೆಚ್ಚಾದ ವಿಟಮಿನ್ ಸಿಯನ್ನು ಶರೀರ ಕೂಡಿಟ್ಟುಕೊಳ್ಳುವುದಿಲ್ಲ, ಮೂತ್ರದಲ್ಲಿ ಹೊರಹಾಕುತ್ತದೆ.

ಹಣ್ಣಿನ ಕೆಂಪು ಬಣ್ಣಕ್ಕೆ ಕಾರಣ ಆಂಥೋಸಯನಿನ್ ಎಂಬ ವರ್ಗದ ವಸ್ತುಗಳು. ಸ್ಟ್ರಾಬೆರಿಯಲ್ಲಿ ಇವುಗಳ ಪೈಕಿ ಪೆಲಾರ್ಗೋನಿಡಿನ್ ಮುಖ್ಯ. ‘ಆ್ಯಂಟಿ ಆಕ್ಸಿಡೆಂಟ್’ ಎಂದು ಜಾಹೀರಾತಿನಲ್ಲಿ ಕೇಳಿಬರುವ ಮಾತಿನ ಹಿಂದಿರುವುದು ಮುಖ್ಯವಾಗಿ ಇವು ಮತ್ತು ವಿಟಮಿನ್ ಸಿ.

ಹೃದಯಕ್ಕೆ ಒಳ್ಳೆಯದು ಎನ್ನುವ ಮಾತು ಎಲ್ಲಿಂದ ಬಂತು?

ಈ ಮಾತಿಗೆ ಆಧಾರ ಇಲ್ಲವೆಂದಲ್ಲ. ಅಮೆರಿಕದಲ್ಲಿ 93,600 ನರ್ಸ್‌ಗಳನ್ನು 18 ವರ್ಷ ಗಮನಿಸಿದ ಅಧ್ಯಯನವೊಂದು 2013ರಲ್ಲಿ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಶುರುವಿನಲ್ಲಿ ಅವರ ವಯಸ್ಸು 25ರಿಂದ 42. ಆಹಾರದಲ್ಲಿ ಆಂಥೋಸಯನಿನ್ ಅತಿ ಹೆಚ್ಚು ಇದ್ದವರಲ್ಲಿ, ಅತಿ ಕಡಿಮೆ ಇದ್ದವರಿಗಿಂತ ಹೃದಯಾಘಾತದ ಅಪಾಯ ಶೇ. 32ರಷ್ಟು ಕಡಿಮೆ ಕಂಡುಬಂತು. ಅಲ್ಲಿನವರಿಗೆ ಆಂಥೋಸಯನಿನ್ ಹೆಚ್ಚಾಗಿ ಸಿಗುವುದು ಬ್ಲೂಬೆರಿ ಮತ್ತು ಸ್ಟ್ರಾಬೆರಿಯಿಂದ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಇದು ಜನರ ಆಹಾರವನ್ನು ಗಮನಿಸಿ ಮಾಡಿದ ಅಧ್ಯಯನ, ಹಣ್ಣು ಕೊಟ್ಟು ನೋಡಿದ ಪರೀಕ್ಷೆಯಲ್ಲ. ಹಣ್ಣು ಹೆಚ್ಚು ತಿನ್ನುವವರು ಸಾಮಾನ್ಯವಾಗಿ ವಾಕಿಂಗ್ ಹೋಗುವವರೂ, ಸಿಗರೇಟು ಸೇದದವರೂ ಆಗಿರುತ್ತಾರೆ. ಸಂಶೋಧಕರು ಇಂಥ ವ್ಯತ್ಯಾಸಗಳನ್ನು ಲೆಕ್ಕದಿಂದ ಸರಿದೂಗಿಸಲು ಯತ್ನಿಸಿದ್ದಾರೆ ನಿಜ. ಆದರೂ ಲಾಭವೆಲ್ಲ ಹಣ್ಣಿನದ್ದೇ ಎಂದು ಹೇಳಲಾಗದು.

ಹಣ್ಣು ಕೊಟ್ಟು ನೋಡಿದ ಪರೀಕ್ಷೆಗಳೂ ಉಂಟು. 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪರೀಕ್ಷೆಯಲ್ಲಿ ಹೊಟ್ಟೆಯ ಬೊಜ್ಜು, ಹೆಚ್ಚು ಕೊಲೆಸ್ಟ್ರಾಲ್ ಇದ್ದ 60 ಮಂದಿಯನ್ನು ಸೇರಿಸಿಕೊಂಡು, ಅವರಲ್ಲಿ ಕೆಲವರಿಗೆ 12 ವಾರ ಒಣಗಿಸಿದ ಸ್ಟ್ರಾಬೆರಿ ಪುಡಿ ಕೊಟ್ಟರು. ದಿನಕ್ಕೆ 50 ಗ್ರಾಂ ಪುಡಿ ಪಡೆದವರಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಇಳಿಯಿತು. ಕೇಳಲು ಚಂದವೇ. ಆದರೆ 50 ಗ್ರಾಂ ಪುಡಿ ಅಂದರೆ ಸುಮಾರು ಅರ್ಧ ಕಿಲೋ ತಾಜಾ ಹಣ್ಣು! ದಿನಾ ಎರಡೂವರೆ ಡಬ್ಬಿ ಸ್ಟ್ರಾಬೆರಿ ಖರೀದಿಸುವ ಕುಟುಂಬ ನಮ್ಮಲ್ಲಿ ಎಷ್ಟಿವೆ? ಭಾನುವಾರಕ್ಕೊಂದು ಡಬ್ಬಿ ತಂದು ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನುವವರು ಆ ಫಲಿತಾಂಶವನ್ನು ತಮ್ಮ ಲೆಕ್ಕಕ್ಕೆ ಬರೆದುಕೊಳ್ಳುವಂತಿಲ್ಲ.

ನೆನಪಿನ ಶಕ್ತಿಯ ಮಾತೂ ಹಾಗೆಯೇ. 70 ದಾಟಿದ 16 ಸಾವಿರ ಮಹಿಳೆಯರನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬ್ಲೂಬೆರಿ ಮತ್ತು ಸ್ಟ್ರಾಬೆರಿ ಹೆಚ್ಚು ತಿನ್ನುವವರಲ್ಲಿ ಮರೆವು ನಿಧಾನವಾಗಿ ಬರುವುದು ಕಂಡಿತ್ತು. ಇದು ಭರವಸೆ ಮೂಡಿಸುವ ಸುಳಿವು, ಮದ್ದು ಸಿಕ್ಕಿತು ಅಂತ ಅರ್ಥವಲ್ಲ. ಇನ್ನು ‘ಕ್ಯಾನ್ಸರ್ ಗುಣವಾಗುತ್ತದೆ’ ಎಂಬ ಮೆಸೇಜನ್ನು ಯಾರೂ ನಂಬಬಾರದು, ಯಾರಿಗೂ ಫಾರ್ವರ್ಡ್ ಮಾಡಲೂ ಬಾರದು. ಬಿಪಿ, ಶುಗರ್, ಕೊಲೆಸ್ಟ್ರಾಲ್ ಮಾತ್ರೆಗೆ ಯಾವ ಹಣ್ಣೂ ಬದಲಿಯಲ್ಲ.

ನಮ್ಮ ಊರಿಗೆ ಹೆಚ್ಚು ಬೇಕಾದ ಲಾಭ ಬೇರೆಯೇ

ಜಾಹೀರಾತಿನಲ್ಲಿ ಅಷ್ಟಾಗಿ ಕಾಣದ ಒಂದು ಲಾಭ ಉಂಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರಿಗೆ.

ಹರಿವೆ, ಬಸಳೆ, ಹೆಸರುಕಾಳು, ಹುರುಳಿಯಲ್ಲಿ ಕಬ್ಬಿಣದ ಅಂಶ ಇದ್ದರೂ ಸಸ್ಯಾಹಾರದ ಕಬ್ಬಿಣವನ್ನು ನಮ್ಮ ಕರುಳು ಸುಲಭದಲ್ಲಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೆ ಹೆಚ್ಚುತ್ತದೆ. ಊಟ ಆದ ಕೂಡಲೇ ಚಾ, ಕಾಫಿ ಕುಡಿದರೆ ಕಡಿಮೆಯಾಗುತ್ತದೆ. ಹಾಗಾಗಿ ಮಧ್ಯಾಹ್ನ ಗಂಜಿ, ಹೆಸರುಕಾಳಿನ ಪಲ್ಯ ಉಂಡು, ಕೊನೆಗೆ ನಾಲ್ಕೈದು ಸ್ಟ್ರಾಬೆರಿಯನ್ನೋ ಕಾಲು ಪೇರಳೆಯನ್ನೋ ತಿಂದರೆ ಆ ಕಾಳಿನ ಕಬ್ಬಿಣ ಮೈಗೆ ಹತ್ತುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದಕ್ಕಿಂತ ಊಟದ ಜೊತೆ ತಿನ್ನುವುದೇ ಲಾಭ.

ಗರ್ಭಿಣಿಯರ ವಿಚಾರದಲ್ಲಿ ‘ಸ್ಟ್ರಾಬೆರಿಯಲ್ಲಿ ಫೋಲಿಕ್ ಆ್ಯಸಿಡ್ ಉಂಟು’ ಎಂಬ ಮಾತು ಪ್ರಚಾರದಲ್ಲಿದೆ. ಉಂಟು ನಿಜ, 100 ಗ್ರಾಂನಲ್ಲಿ 24 ಮೈಕ್ರೋಗ್ರಾಂ. ಆದರೆ ಗರ್ಭಿಣಿಗೆ ದಿನಕ್ಕೆ ಬೇಕಾದದ್ದು 570 ಮೈಕ್ರೋಗ್ರಾಂ. ಆಸ್ಪತ್ರೆಯಲ್ಲಿ ಕೊಟ್ಟ ಮಾತ್ರೆ ಬಿಟ್ಟು ಹಣ್ಣು ನೆಚ್ಚಿಕೊಂಡರೆ ತಾಯಿಗೂ ಮಗುವಿಗೂ ಅಪಾಯ.

ಶುಗರ್ ಇರುವವರು ತಿನ್ನಬಹುದಾ?

2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗಿಂತ ಹೆಚ್ಚು ಮಂದಿಗೆ ಮಧುಮೇಹ ಇದೆ. ಇಂಥವರ ಮನೆಗೆ ಹಣ್ಣು ತಂದರೆ ‘ನನಗೆ ಬೇಡ’ ಎನ್ನುವುದೇ ಮಾಮೂಲು. ಸ್ಟ್ರಾಬೆರಿಯ ಮಟ್ಟಿಗೆ ಅಷ್ಟು ಹೆದರಬೇಕಿಲ್ಲ. 100 ಗ್ರಾಂ ಬಾಳೆಹಣ್ಣಿನಲ್ಲಿ 12 ಗ್ರಾಂ, ಮಾವಿನಹಣ್ಣಿನಲ್ಲಿ 13ರಿಂದ 14 ಗ್ರಾಂ, ಹಲಸಿನ ತೊಳೆಯಲ್ಲಿ 19 ಗ್ರಾಂನಷ್ಟು ಸಕ್ಕರೆ ಇದ್ದರೆ ಸ್ಟ್ರಾಬೆರಿಯಲ್ಲಿ ಇರುವುದು 5 ಗ್ರಾಂ ಮಾತ್ರ. ರಕ್ತದ ಸಕ್ಕರೆಯನ್ನು ಒಮ್ಮೆಲೇ ಏರಿಸುವ ಗುಣವೂ ಕಡಿಮೆ. ಐದಾರು ಹಣ್ಣು ತಿಂದರೆ ತೊಂದರೆಯಾಗುವ ಸಂಭವ ಕಡಿಮೆ. ಆದರೆ ಅದರ ಮೇಲೆ ಸಕ್ಕರೆ ಉದುರಿಸಿದರೆ, ಕ್ರೀಂ ಹಾಕಿದರೆ, ಐಸ್‌ಕ್ರೀಂ ಜೊತೆ ತಿಂದರೆ ಲೆಕ್ಕ ತಲೆಕೆಳಗಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ತಮ್ಮ ವೈದ್ಯರ ಹತ್ತಿರ ಒಂದು ಮಾತು ಕೇಳಿಕೊಳ್ಳುವುದು ಕ್ಷೇಮ.

ಗ್ಲಾಸಿಗೆ ಇಳಿದಾಗ ಹಣ್ಣು ಎಷ್ಟು ಉಳಿಯುತ್ತದೆ?

ಇದೇ ಈ ಇಡೀ ವಿಚಾರದ ಮುಖ್ಯ ಗಂಟು. ಸ್ಟ್ರಾಬೆರಿ ಹೆಸರಿನಲ್ಲಿ ವರ್ಷವಿಡೀ ಮಾರಾಟವಾಗುವುದು ಹಣ್ಣಲ್ಲ, ಅದರ ಕ್ರಶ್, ಸಿರಪ್, ಜಾಮ್.

ಆಹಾರ ಸುರಕ್ಷತೆ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ ಸಾಮಾನ್ಯ ಹಣ್ಣಿನ ಜಾಮ್‌ಗೆ ಕನಿಷ್ಠ ಶೇ. 45 ಹಣ್ಣು ಇರಬೇಕು. ಆದರೆ ಸ್ಟ್ರಾಬೆರಿ ಮತ್ತು ರಾಸ್‌ಬೆರಿ ಜಾಮ್‌ಗೆ ರಿಯಾಯಿತಿ ಉಂಟು. ಅದಕ್ಕೆ ಶೇ. 25 ಇದ್ದರೆ ಸಾಕು. ಕ್ರಶ್‌ಗೂ ಕನಿಷ್ಠ ಶೇ. 25 ಹಣ್ಣು ಮತ್ತು ಕನಿಷ್ಠ ಶೇ. 55 ಕರಗಿದ ಘನಾಂಶ ಇರಬೇಕು. ಆ ಘನಾಂಶದಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ.

ಈಗ ಲೆಕ್ಕ ಹಾಕಿ. ಒಂದು ಮಿಲ್ಕ್‌ಶೇಕ್‌ಗೆ 30 ಎಂಎಲ್ ಕ್ರಶ್ ಹಾಕಿದರೆ ಅದರ ತೂಕ ಸುಮಾರು 38 ಗ್ರಾಂ. ಅದರಲ್ಲಿ ಸಕ್ಕರೆ ಸುಮಾರು 20 ಗ್ರಾಂ. ಹಣ್ಣಿನ ಪಾಲು 9ರಿಂದ 10 ಗ್ರಾಂ, ಅಂದರೆ ಒಂದು ಸ್ಟ್ರಾಬೆರಿಯಷ್ಟೂ ಇಲ್ಲ. ಅದೇ 20 ಗ್ರಾಂ ಸಕ್ಕರೆ ತಾಜಾ ಹಣ್ಣಿನಿಂದ ಬರಬೇಕಾದರೆ 400 ಗ್ರಾಂ, ಅಂದರೆ ಎರಡು ಡಬ್ಬಿ ಹಣ್ಣು ತಿನ್ನಬೇಕು. ದಿನಕ್ಕೆ 25 ಗ್ರಾಂ ಒಳಗೆ ಸಕ್ಕರೆ ಇದ್ದರೆ ಉತ್ತಮ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯ ಸಾರ. ಮಿಲ್ಕ್‌ಶೇಕ್‌ಗೆ ಮೇಲಿಂದ ಹಾಕುವ ಸಕ್ಕರೆ, ಐಸ್‌ಕ್ರೀಂ ಸೇರಿದರೆ ಒಂದೇ ಗ್ಲಾಸಿನಲ್ಲಿ ಆ ಗೆರೆ ದಾಟಿಹೋಗುತ್ತದೆ.

ಸಿಂಥೆಟಿಕ್ ಸಿರಪ್ ಆದರೆ ಕಥೆ ಇನ್ನೂ ಸರಳ. ಅದರಲ್ಲಿ ಹಣ್ಣು ಇರಬೇಕೆಂಬ ನಿಯಮವೇ ಇಲ್ಲ. ಇರುವುದು ಸಕ್ಕರೆ, ಎಸೆನ್ಸ್, ಬಣ್ಣ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಅದನ್ನು ಬರೆದಿರುತ್ತಾರೆ, ಓದುವವರು ಕಡಿಮೆ.

ಬಣ್ಣದ ವಿಚಾರವನ್ನು ರಾಜ್ಯದ ಜನ ಮರೆಯುವಂತಿಲ್ಲ. 2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದಕ್ಕೆ ಮೊದಲು ಪರೀಕ್ಷಿಸಿದ 25 ಕಾಟನ್ ಕ್ಯಾಂಡಿ ಮಾದರಿಗಳಲ್ಲಿ 15 ಅಸುರಕ್ಷಿತ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ತಿಳಿಸಿದ್ದರು. ಪತ್ತೆಯಾದ ಬಣ್ಣಗಳಲ್ಲಿ ರೋಡಮಿನ್-ಬಿ ಕೂಡ ಇತ್ತು. ಅದು ಬಟ್ಟೆಗೆ ಹಾಕುವ ಬಣ್ಣ, ಆಹಾರಕ್ಕೆ ಅದನ್ನು ಬಳಸಲು ಅವಕಾಶವೇ ಇಲ್ಲ. ಕಾರ್ಮೋಸಿನ್‌ನಂಥ ಕೆಲವು ಕೆಂಪು ಬಣ್ಣಗಳನ್ನು ನಿಗದಿತ ತಿನಿಸುಗಳಿಗೆ ನಿಗದಿತ ಮಿತಿಯಲ್ಲಿ ಮಾತ್ರ ಬಳಸಬಹುದು.

ಜನವರಿಯಲ್ಲಿ ಅತ್ತೂರು ಸಂತ ಲಾರೆನ್ಸ್ ಬಸಿಲಿಕಾದ ಉತ್ಸವ, ಎರಡು ವರ್ಷಕ್ಕೊಮ್ಮೆ ಉಡುಪಿಯ ಪರ್ಯಾಯ, ಬೇಸಿಗೆಗೆ ಮೊದಲು ಊರೂರಿನ ನೇಮ, ಜಾತ್ರೆ. ಮಕ್ಕಳು ಗುಲಾಬಿ ಬಣ್ಣದ ತಿನಿಸಿಗೆ ಹಟ ಹಿಡಿಯುವ ಸಮಯವೂ ಇದೇ. ಹೆತ್ತವರಿಗೆ ಒಂದು ಸುಲಭದ ಗುರುತು ಹೀಗಿದೆ. ನಿಜವಾದ ಸ್ಟ್ರಾಬೆರಿಯನ್ನು ಹಾಲಿಗೆ ಹಾಕಿ ರುಬ್ಬಿದರೆ ಬರುವುದು ತಿಳಿ ಗುಲಾಬಿ, ನಡುನಡುವೆ ಸಣ್ಣ ಬೀಜದ ಚುಕ್ಕಿಗಳು. ಕಣ್ಣು ಕೋರೈಸುವ ಗುಲಾಬಿ ಇದ್ದರೆ ಅಲ್ಲಿ ಬೇರೆ ಏನೋ ಸೇರಿದೆ ಎಂದೇ ಅರ್ಥ. ‘ಎಂತ ಹಾಕಿದ್ದೀರಿ ಮಾರಾಯ್ರೆ?’ ಎಂದು ಕೇಳಲು ಗಿರಾಕಿಗೆ ಸಂಕೋಚ ಬೇಡ.

ಹಿತ್ತಿಲ ಹಣ್ಣಿನ ಲೆಕ್ಕ

ವಿಟಮಿನ್ ಸಿಗಾಗಿಯೇ ದುಡ್ಡು ಕೊಡುವುದಾದರೆ ಸ್ಟ್ರಾಬೆರಿಗಿಂತ ಮುಂದಿರುವ ಹಣ್ಣುಗಳು ಇಲ್ಲೇ ಉಂಟು. 100 ಗ್ರಾಂ ಪೇರಳೆಯಲ್ಲಿ ಸುಮಾರು 228 ಮಿ.ಗ್ರಾಂ ವಿಟಮಿನ್ ಸಿ. ಸ್ಟ್ರಾಬೆರಿಯ ಹೆಚ್ಚುಕಡಿಮೆ ನಾಲ್ಕು ಪಟ್ಟು. ನಾರಿನಂಶವೂ ಎರಡೂವರೆ ಪಟ್ಟು ಹೆಚ್ಚು. ಹಿತ್ತಿಲಲ್ಲಿ ಬಾವಲಿಯ ಪಾಲಾಗುವ ಪಪ್ಪಾಯಿಯಲ್ಲಿ 61 ಮಿ.ಗ್ರಾಂ, ಅಂದರೆ ಸ್ಟ್ರಾಬೆರಿಯಷ್ಟೇ. ಅನಾನಸಿನಲ್ಲಿ 48.

ಉದಾಹರಣೆಗೆ ಸ್ಟ್ರಾಬೆರಿ 200 ಗ್ರಾಂ ಡಬ್ಬಿಗೆ 100 ರೂಪಾಯಿ, ಪೇರಳೆ ಕಿಲೋಗೆ 80 ರೂಪಾಯಿ ಎಂದು ಇಟ್ಟುಕೊಳ್ಳಿ. ಡಬ್ಬಿಯಲ್ಲಿ ಸಿಗುವುದು ಸುಮಾರು 118 ಮಿ.ಗ್ರಾಂ ವಿಟಮಿನ್ ಸಿ. ಅಷ್ಟನ್ನೇ ಪೇರಳೆಯಿಂದ ಪಡೆಯಲು 50 ಗ್ರಾಂ ಸಾಕು, ಖರ್ಚು 4 ರೂಪಾಯಿ. ದರ ಆಚೀಚೆ ಆದರೂ ಅಂತರ ದೊಡ್ಡದೇ.

ಇನ್ನೂ ದೊಡ್ಡ ವಿಷಯ ಗೇರುಹಣ್ಣಿನದ್ದು. ಕಾರ್ಕಳ, ಉಡುಪಿ ಸುತ್ತಮುತ್ತ ಗೇರು ತೋಟಗಳಿಗೂ ಗೇರುಬೀಜದ ಕಾರ್ಖಾನೆಗಳಿಗೂ ಬರವಿಲ್ಲ. ಬೀಜಕ್ಕೆ ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟುವವರು ಹಣ್ಣನ್ನು ಮರದಡಿಯಲ್ಲೇ ಬಿಟ್ಟು ಬರುತ್ತಾರೆ. ಹೀಗೆ ಮಣ್ಣುಪಾಲಾಗುವ ಗೇರುಹಣ್ಣಿನ 100 ಗ್ರಾಂ ರಸದಲ್ಲಿ ವಿಟಮಿನ್ ಸಿ 200 ಮಿ.ಗ್ರಾಂ ಆಸುಪಾಸು. ಒಗರು ಇದ್ದರೆ ಹೋಳು ಮಾಡಿ ಉಪ್ಪು ಹಚ್ಚಿ ತಿನ್ನುವುದು ಇಲ್ಲಿನ ಹಳೆಯ ರೂಢಿ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಈ ಹಣ್ಣಿನ ಬಳಕೆಯ ಬಗ್ಗೆಯೂ ಕೆಲಸ ಮಾಡುತ್ತಿದೆ. ಗೋವಾದವರು ಇದೇ ಹಣ್ಣಿನ ಫೆನಿಗೆ 2009ರಲ್ಲೇ ಜಿಐ ಮಾನ್ಯತೆ ಪಡೆದರು. ನಮ್ಮಲ್ಲಿ ಹಣ್ಣು ಇನ್ನೂ ಹೆಚ್ಚಾಗಿ ಇರುವೆಗೆ.

ಕೆಂಪು ಬಣ್ಣದ ಆಂಥೋಸಯನಿನ್ ಬೇಕೇ? ಪುನರ್ಪುಳಿ ಸಿಪ್ಪೆಯ ಗಾಢ ಕೆಂಪು, ನೇರಳೆ ಹಣ್ಣು ನಾಲಿಗೆಗೆ ಹಚ್ಚುವ ನೇರಳೆ ಬಣ್ಣ ಎರಡೂ ಅದೇ ವರ್ಗದ ವಸ್ತುಗಳಿಂದ ಬಂದವು. ಹಾಗಂತ ಇಲ್ಲಿಯೂ ಮೋಸಹೋಗಬಾರದು. ಪುನರ್ಪುಳಿ ಶರಬತ್ತಿಗೆ ನಾಲ್ಕು ಚಮಚ ಸಕ್ಕರೆ ಹಾಕಿ ‘ಊರಿನದ್ದು, ಆರೋಗ್ಯಕ್ಕೆ ಒಳ್ಳೆಯದು’ ಎಂದರೆ ಅದಕ್ಕೂ ಸ್ಟ್ರಾಬೆರಿ ಕ್ರಶ್‌ಗೂ ಹೆಚ್ಚು ವ್ಯತ್ಯಾಸವಿಲ್ಲ.

ಇದರರ್ಥ ಸ್ಟ್ರಾಬೆರಿ ಬೇಡವೆಂದಲ್ಲ. ಸಕ್ಕರೆ ಕಡಿಮೆ ಇರುವುದು ಅದರ ಹೆಚ್ಚುಗಾರಿಕೆ. ಪೇರಳೆ, ಪಪ್ಪಾಯಿ ಮುಟ್ಟದ ಮಗು ಸ್ಟ್ರಾಬೆರಿಯನ್ನಾದರೂ ತಿನ್ನುತ್ತದೆ ಎಂದರೆ ಅದೂ ಲಾಭವೇ. ರಾಷ್ಟ್ರೀಯ ಪೋಷಣೆ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ದಿನಕ್ಕೆ 100 ಗ್ರಾಂ ಹಣ್ಣು ತಿನ್ನಿ ಎನ್ನುತ್ತದೆ, ಇಂಥದ್ದೇ ಹಣ್ಣು ಎನ್ನುವುದಿಲ್ಲ. ವರ್ಷದ ನಾಲ್ಕು ತಿಂಗಳು ಸಿಗುವ ಹಣ್ಣು ಆ ಬುಟ್ಟಿಯಲ್ಲಿ ಒಂದಾಗಿರಲಿ ಅಷ್ಟೆ.

ತೊಳೆಯುವುದು, ತಿನ್ನಿಸುವುದು

ಸಿಪ್ಪೆ ಸುಲಿಯಲಾಗದ ಹಣ್ಣಾದ್ದರಿಂದ ಮೇಲಿನ ಮಣ್ಣು, ಔಷಧದ ಅಂಶ, ಕೈಯ ಕೊಳೆ ಎಲ್ಲವೂ ನೇರ ಬಾಯಿಗೆ. ಕ್ರಿಮಿನಾಶಕದ ಅಂಶ ಹೆಚ್ಚು ಕಂಡುಬರುವ ಹಣ್ಣು, ತರಕಾರಿಗಳ ಬಗ್ಗೆ ಅಮೆರಿಕದ ಒಂದು ಸಂಘಟನೆ ಪ್ರತಿವರ್ಷ ಹೊರತರುವ ಪಟ್ಟಿಯಲ್ಲಿ ಸ್ಟ್ರಾಬೆರಿ ಹಲವು ವರ್ಷ ಮೊದಲ ಸ್ಥಾನದಲ್ಲಿತ್ತು. ಅದು ಅಲ್ಲಿನ ಹಣ್ಣಿನ ಲೆಕ್ಕ, ಇಲ್ಲಿಗೆ ಹಾಗೇ ಅನ್ವಯಿಸಲಾಗದು. ಆದರೂ ತೊಳೆಯದೆ ತಿನ್ನಬಾರದು ಎನ್ನುವುದಕ್ಕೆ ಅಷ್ಟು ಸಾಕು.

ತಂದ ಕೂಡಲೇ ತೊಳೆದಿಟ್ಟರೆ ತೇವಕ್ಕೆ ಬೇಗ ಬೂಸು ಹಿಡಿಯುತ್ತದೆ. ತಿನ್ನುವ ಹೊತ್ತಿಗೆ ನಲ್ಲಿಯ ಹರಿಯುವ ನೀರಿನಲ್ಲಿ ಒಂದೊಂದೇ ತೊಳೆಯಬೇಕು. ಹಸಿರು ತೊಟ್ಟನ್ನು ತೊಳೆದ ಮೇಲೆ ತೆಗೆದರೆ ಒಳಗೆ ನೀರು ಇಳಿಯುವುದಿಲ್ಲ. ಬೂಸು ಹಿಡಿದ ಹಣ್ಣನ್ನು ಅರ್ಧ ಕತ್ತರಿಸಿ ಉಳಿದದ್ದನ್ನು ತಿನ್ನುವುದು ಬೇಡ, ಇಡೀ ಹಣ್ಣು ಬಿಸಾಡಬೇಕು.

ಸಣ್ಣ ಮಕ್ಕಳಿಗೆ ಇಡೀ ಹಣ್ಣು ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು, ಸಣ್ಣ ಹೋಳು ಮಾಡಿ ಕೊಡಬೇಕು. ಕೆಲವರಿಗೆ ಸ್ಟ್ರಾಬೆರಿ ಅಲರ್ಜಿ ಆಗುತ್ತದೆ. ಬಾಯಿಯ ಸುತ್ತ ಕೆಂಪಗಾಗುವುದು, ತುರಿಕೆ, ತುಟಿ ಊದುವುದು ಕಂಡರೆ ಕೊಡುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅಂಗಡಿಯವರಿಗೆ ಒಂದಿಷ್ಟು

ಸ್ಟ್ರಾಬೆರಿ ಮಾರುವವರಿಗೆ ದೊಡ್ಡ ಶತ್ರು ಕರಾವಳಿಯ ಸೆಕೆ. ಬಾಳೆ, ಮಾವು, ಚಿಕ್ಕು ಕಿತ್ತ ಮೇಲೂ ಹಣ್ಣಾಗುತ್ತವೆ, ಸ್ಟ್ರಾಬೆರಿ ಹಾಗಲ್ಲ. ಗಿಡದಿಂದ ಕಿತ್ತ ದಿನ ಎಷ್ಟು ಸಿಹಿ ಇತ್ತೋ ಅಷ್ಟೇ. ತೊಟ್ಟಿನ ಹತ್ತಿರ ಬಿಳಿ ಇರುವ ಹಣ್ಣು ಎರಡು ದಿನ ಇಟ್ಟರೆ ಕೆಂಪಾದೀತು, ಸಿಹಿಯಾಗದು. ಹಾಗಾಗಿ ‘ಇಟ್ಟರೆ ಹಣ್ಣಾಗುತ್ತದೆ’ ಎಂದು ಗಿರಾಕಿಗೆ ಹೇಳಿ ಕಳುಹಿಸಿದರೆ ಆ ಗಿರಾಕಿ ಮತ್ತೆ ಬರುವುದು ಕಷ್ಟ.

ಸೊನ್ನೆ ಡಿಗ್ರಿ ಹತ್ತಿರದ ತಂಪಿನಲ್ಲಿ ಈ ಹಣ್ಣು 5ರಿಂದ 7 ದಿನ ತಡೆಯುತ್ತದೆ. ಉಡುಪಿಯ ಹಗಲಿನ 30 ಡಿಗ್ರಿ ದಾಟುವ ಸೆಕೆಯಲ್ಲಿ, ಅಂಗಡಿ ಎದುರಿನ ಬಿಸಿಲಿಗೆ ಇಟ್ಟರೆ ಒಂದು ದಿನವೂ ಕಷ್ಟ. ಕಣ್ಣಿಗೆ ಬೀಳಲಿ ಎಂದು ಎಲ್ಲ ಡಬ್ಬಿಯನ್ನೂ ಹೊರಗೆ ಜೋಡಿಸುವ ಬದಲು ಎರಡು ಮಾತ್ರ ಹೊರಗಿಟ್ಟು ಉಳಿದದ್ದನ್ನು ಫ್ರಿಜ್‌ನಲ್ಲಿ ಇಡುವುದು ಜಾಣತನ. ದಿನಕ್ಕೊಮ್ಮೆ ಡಬ್ಬಿ ನೋಡಿ ಬೂಸು ಬಂದದ್ದನ್ನು ತೆಗೆಯದಿದ್ದರೆ ಪಕ್ಕದ ಹಣ್ಣಿಗೂ ಹರಡುತ್ತದೆ. ಫ್ರಿಜ್ ಇಲ್ಲದ ಸಣ್ಣ ಅಂಗಡಿಯವರು ಅಂದಿನದ್ದು ಅಂದೇ ಮುಗಿಯುವಷ್ಟು ಮಾತ್ರ ತರಿಸಿಕೊಳ್ಳಬೇಕು.

ಜ್ಯೂಸ್ ಅಂಗಡಿಯವರಿಗೂ ಇಲ್ಲೊಂದು ಅವಕಾಶ ಉಂಟು. ತಾಜಾ ಹಣ್ಣು ಹಾಕಿದ್ದಕ್ಕೆ ‘ತಾಜಾ ಸ್ಟ್ರಾಬೆರಿ’, ಕ್ರಶ್ ಹಾಕಿದ್ದಕ್ಕೆ ‘ಸ್ಟ್ರಾಬೆರಿ ಫ್ಲೇವರ್’ ಎಂದು ಬೋರ್ಡಿನಲ್ಲಿ ಬೇರೆ ಬೇರೆ ಬರೆದು, ದರವೂ ಬೇರೆ ಇಟ್ಟರೆ ಯಾರಿಗೂ ಮೋಸವಿಲ್ಲ. ಮಣಿಪಾಲದಂಥ ಓದಿದವರ ಊರಿನಲ್ಲಿ ಹೀಗೆ ಬರೆದರೆ ವ್ಯಾಪಾರ ಕುಗ್ಗುವುದಕ್ಕಿಂತ ಹಿಗ್ಗುವ ಸಾಧ್ಯತೆಯೇ ಹೆಚ್ಚು. ಆಕಾರ ಕೆಡದ, ಮೆತ್ತಗಾಗುತ್ತಿರುವ ಆದರೆ ಬೂಸು ಬಾರದ ಹಣ್ಣನ್ನು ಅದೇ ದಿನ ಮಿಲ್ಕ್‌ಶೇಕ್‌ಗೆ ಬಳಸಿದರೆ ನಷ್ಟವೂ ತಪ್ಪುತ್ತದೆ.

ಇಲ್ಲೇ ಬೆಳೆಯಬಹುದಲ್ಲ?

ಯೂಟ್ಯೂಬ್ ನೋಡಿ ಕುಂಡದಲ್ಲಿ ಗಿಡ ನೆಟ್ಟವರು ನಮ್ಮಲ್ಲೂ ಇದ್ದಾರೆ. ಚಳಿಗಾಲದಲ್ಲಿ ನಾಲ್ಕು ಹಣ್ಣು ಸಿಕ್ಕರೆ ಸಂತೋಷ. ಅದನ್ನೇ ನಂಬಿ ಅಡಿಕೆ, ತೆಂಗಿನ ತೋಟದವರು ಎಕರೆಗಟ್ಟಲೆ ಲೆಕ್ಕ ಹಾಕುವುದು ಬೇಡ. ಈ ಗಿಡಕ್ಕೆ ಹೂ ಬಿಡಲು ತಂಪು ರಾತ್ರಿ ಬೇಕು. 1,300 ಮೀಟರ್‌ಗಿಂತ ಎತ್ತರದ ಮಹಾಬಲೇಶ್ವರದ ಚಳಿ ಸಮುದ್ರದ ಮಟ್ಟದಲ್ಲಿರುವ ಕಾಪುವಿಗೆ ಬರುವುದಿಲ್ಲ. ತೇವದ ಗಾಳಿಗೆ ಬೂಸುರೋಗವೂ ಹೆಚ್ಚು. ಆಸಕ್ತಿ ಇದ್ದವರು ಬಂಡವಾಳ ಹಾಕುವ ಮೊದಲು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸುವುದು ಒಳ್ಳೆಯದು. ಅದಕ್ಕಿಂತ, ಇರುವ ಗೇರುಹಣ್ಣನ್ನೂ ಪುನರ್ಪುಳಿಯನ್ನೂ ಸ್ಟ್ರಾಬೆರಿಯ ಹಾಗೆ ಶುಚಿಯಾಗಿ ಆರಿಸಿ, ಸಣ್ಣ ಡಬ್ಬಿಯಲ್ಲಿಟ್ಟು, ಊರಿನ ಹೆಸರು ಬರೆದು ಮಾರಿದರೆ ಹೇಗೆ ಎಂದು ಯೋಚಿಸಲು ಅವಕಾಶ ಉಂಟು. ಮಹಾಬಲೇಶ್ವರದವರು ಹಣ್ಣಿನ ಜೊತೆ ತಮ್ಮ ಊರಿನ ಹೆಸರನ್ನೂ ಮಾರಿದರು. ಮಟ್ಟುಗುಳ್ಳ ಬೆಳೆಯುವವರಿಗೂ ಆ ದಾರಿ ಗೊತ್ತಿದೆ.

ಸದ್ಯಕ್ಕೆ ಗಿರಾಕಿ ನೆನಪಿಡಬೇಕಾದ್ದು ಇಷ್ಟೆ. ಡಬ್ಬಿಯನ್ನು ತಿರುಗಿಸಿ ಅಡಿಭಾಗ ನೋಡಿ ಕೊಳ್ಳಿ. ರಸ ಸೋರಿದ್ದರೆ, ಬಿಳಿ ಬೂಸು ಕಂಡರೆ ಬೇಡ. ತೊಟ್ಟಿನ ತನಕ ಕೆಂಪಾಗಿದ್ದರೆ, ಎಲೆ ಹಸಿರಾಗಿದ್ದರೆ ತೆಗೆದುಕೊಳ್ಳಬಹುದು. ಮನೆಗೆ ತಂದು ಎರಡು ದಿನದೊಳಗೆ, ಊಟದ ಜೊತೆ, ಸಕ್ಕರೆ ಹಾಕದೆ ತಿನ್ನಿ. ಡಬ್ಬಿಯ ದರ ಕೇಳಿ ಕೈ ಹಿಂದೆಳೆದವರು ಬೇಸರಪಡಬೇಕಿಲ್ಲ. ಪಕ್ಕದ ಬುಟ್ಟಿಯಲ್ಲಿರುವ ಎರಡು ಪೇರಳೆ ತಂದರೂ ಮನೆಮಂದಿಯ ಆರೋಗ್ಯಕ್ಕೆ ಏನೂ ಕಡಿಮೆಯಾಗುವುದಿಲ್ಲ.